ಪಾರ್ಕು, ಬಸ್‌ಸ್ಟ್ಯಾಂಡು, ಸಂತೇಲಿ ಕೂತು ಎದುರಿಗಿರೋರ ಮುಖ ಬರೆಯೋದು ಹೇಗೆ: ಪೂರ್ತಿ ವಿವರ

ಫೋಟೋ ನೋಡ್ಕೊಂಡು ನೂರಾರು ಮುಖ ಬರೆದಿರೋರಿಗೂ ಎದುರಿಗೆ ಜೀವ ಇರೋ ಮನುಷ್ಯ ಬಂದು ಕೂತ್ರೆ ಮೊದಲ ಗೆರೆ ಎಲ್ಲಿಂದ ಎಳೀಬೇಕು ಅಂತ ಗೊತ್ತಾಗಲ್ಲ. ನನಗೂ ಹಾಗೇ ಆಗಿತ್ತು. ಫೋಟೋದಲ್ಲಿ ಕ್ಯಾಮೆರಾನೇ ಮುಖಾನ ಚಪ್ಪಟೆ ಮಾಡಿ ಕೊಟ್ಟಿರುತ್ತೆ, ನಾವು ಅದನ್ನ ಹಾಗೇ ಇಳಿಸ್ತೀವಿ ಅಷ್ಟೇ, ಅದ್ರಲ್ಲೂ ಫೋನ್ ಹತ್ತಿರ ಹಿಡಿದು ತೆಗೆದಿದ್ರೆ ಮೂಗು ದೊಡ್ಡದಾಗಿ ಕಿವಿ ಹಿಂದೆ ಸರಿದು ಸಣ್ಣದಾಗಿ ಕಾಣುತ್ತೆ, ಆ ತಪ್ಪೂ ನಮ್ಮ ಚಿತ್ರಕ್ಕೆ ಬಂದ್ಬಿಡುತ್ತೆ. ಎದುರಿಗೆ ಮನುಷ್ಯ ಇದ್ದಾಗ ಆ ದುಂಡಗಿನ ತಲೇನ ಕಾಗದದ ಮೇಲೆ ತರೋ ಕೆಲಸ ಪೂರ್ತಿ ನಮ್ಮದೇ. ಮಾಡೆಲ್‌ಗೆ ದುಡ್ಡು ಕೊಟ್ಟು ಸ್ಟುಡಿಯೋದಲ್ಲಿ ಕೂರಿಸೋ ಅನುಕೂಲ ನಮ್ಮಲ್ಲಿ ಆರ್ಟ್ ಸ್ಕೂಲ್ ಹೊರಗೆ ಎಷ್ಟು ಜನಕ್ಕಿದೆ ಹೇಳಿ. ಆದ್ರೆ ಬೆಂಗಳೂರಲ್ಲಿ ಮನೆಯಿಂದ ಹೊರಗೆ ಕಾಲಿಟ್ರೆ ಸಾವಿರ ಮುಖ. ನಾನು ಸುಮಾರು ವರ್ಷದಿಂದ ಭಾನುವಾರದ ಬೆಳಗ್ಗೆಗಳನ್ನ ಇದಕ್ಕೇ ಇಟ್ಟಿದ್ದೀನಿ, ಅದ್ರಿಂದ ತಿಳಿದಿದ್ದನ್ನ ಇಲ್ಲಿ ಬರೀತಿದ್ದೀನಿ.

ಒಂದು ಮಾತು ಮೊದಲೇ ಹೇಳ್ಬಿಡ್ತೀನಿ, ಮುಂದೆ ಬರೆದಿರೋದೆಲ್ಲ ಇದರ ಸುತ್ತಾನೇ ಇದೆ. ಜನ ಅಲ್ಲಾಡ್ತಾರೆ, ಆದ್ರೆ ವಾಪಸ್ ಅದೇ ಭಂಗಿಗೆ ಬರ್ತಾರೆ. ಇದನ್ನ ನಂಬಿ ಕಾಯೋದು ಕಲಿತ್ರೆ ಅರ್ಧ ಕೆಲಸ ಮುಗಿದ ಹಾಗೆ.

ಏನೇನು ತಗೊಂಡು ಹೋಗ್ಬೇಕು

ಜಾಸ್ತಿ ಏನೂ ಬೇಡ. ಎ5 ಸೈಜಿನ ಸ್ಕೆಚ್‌ಬುಕ್, ಗಟ್ಟಿ ರಟ್ಟಿಂದು, ತೊಡೆ ಮೇಲೆ ಇಟ್ಕೊಂಡ್ರೆ ಬಾಗಬಾರದು. ಕಾಗದದ ತೂಕ (ಒಂದು ಚದರ ಮೀಟರ್‌ಗೆ ಇಷ್ಟು ಗ್ರಾಂ ಅನ್ನೋ ಲೆಕ್ಕ) 120ರಿಂದ 150 ಜಿಎಸ್‌ಎಂ ಇದ್ರೆ ಸಾಕು. ಬುಕ್ ಬೇಡ ಅಂದ್ರೆ ಮಕ್ಕಳ ಎಕ್ಸಾಮ್ ಪ್ಯಾಡ್‌ಗೆ ಕಾರ್ಟ್ರಿಜ್ ಶೀಟ್ (ಚಿತ್ರ ಬರೆಯೋ ದಪ್ಪ ಕಾಗದ) ಕತ್ತರಿಸಿ ಸಿಕ್ಕಿಸ್ಕೊಳ್ಳಿ, ಗಾಳಿಗೆ ಹಾರದ ಹಾಗೆ ಕೆಳಗಡೆ ಇನ್ನೊಂದು ಕ್ಲಿಪ್ ಹಾಕಿ. ಪೆನ್ಸಿಲ್ 2ಬಿ, 4ಬಿ, 6ಬಿ (ನಂಬರ್ ಜಾಸ್ತಿ ಆದಷ್ಟೂ ಸೀಸ ಮೆತ್ತಗೆ, ಕಪ್ಪು ಜಾಸ್ತಿ), ನಟರಾಜ ಅಪ್ಸರಾ ಕ್ಯಾಮ್ಲಿನ್ ಯಾವುದಾದ್ರೂ ನಡೆಯುತ್ತೆ. ಶಾರ್ಪ್ನರ್ ಬದಲು ಬ್ಲೇಡಲ್ಲಿ ಕೆತ್ತಿ ಸೀಸ ಒಂದು ಸೆಂಟಿಮೀಟರ್‌ನಷ್ಟು ಉದ್ದ ಹೊರಗೆ ಬರೋ ಹಾಗೆ ಮಾಡ್ಕೊಳ್ಳಿ, ಆಗ ಪೆನ್ಸಿಲ್ ಮಲಗಿಸಿ ಅಗಲವಾಗಿ ನೆರಳು ತುಂಬಬಹುದು. ಕೆತ್ತೋ ಕೆಲಸ ಮಾತ್ರ ಮನೇಲೇ ಮುಗಿಸಿ, ಬ್ಲೇಡ್ ಜೇಬಲ್ಲಿಟ್ಕೊಂಡು ಮೆಟ್ರೋ ಚೆಕಿಂಗ್‌ಗೆ ಹೋಗೋದು ಬೇಡ. ಹಿಟ್ಟಿನ ಥರ ನಾದಬಹುದಾದ ಮೆತ್ತನೆ ರಬ್ಬರ್ ಒಂದು ಇರಲಿ. ಒಂದು ಬಾಲ್‌ಪೆನ್.

ಬಾಲ್‌ಪೆನ್ ಯಾಕೆ ಅಂದ್ರೆ ಅಳಿಸೋಕಾಗಲ್ಲ ಅನ್ನೋದೇ ಅದರ ಒಳ್ಳೆ ಗುಣ. ಮೊದಲ ಎರಡು ತಿಂಗಳು ರಬ್ಬರ್ ಮನೇಲೇ ಬಿಟ್ಟು ಹೋಗಿ ಅಂತಾನೇ ನಾನು ಹೇಳೋದು, ಯಾಕಂದ್ರೆ ರಬ್ಬರ್ ಇದ್ರೆ ಒಂದು ಕಣ್ಣನ್ನೇ ಐದು ನಿಮಿಷ ತಿದ್ದುತಾ ಕೂರ್ತೀವಿ, ಅಷ್ಟರಲ್ಲಿ ಆ ಮನುಷ್ಯ ಎದ್ದು ಬಸ್ ಹತ್ತಿರ್ತಾನೆ.

ಇನ್ನೊಂದು ಉಪಾಯ ಇದೆ. ಮಕ್ಕಳ ಪುಸ್ತಕಕ್ಕೆ ಬೈಂಡ್ ಹಾಕ್ತೀವಲ್ಲ ಬ್ರೌನ್ ಶೀಟ್, ಅದರ ಒರಟು ಬದಿ ನಮ್ಮ ಜನರ ಮುಖ ಬರೆಯೋಕೆ ಹೇಳಿ ಮಾಡಿಸಿದ ಹಾಗಿರುತ್ತೆ. ಕಾಗದದ ಬಣ್ಣಾನೇ ಮೈಬಣ್ಣ ಆಗುತ್ತೆ, ನೆರಳಿಗೆ ಕಪ್ಪು ಪೆನ್ಸಿಲ್, ಹಣೆ ಮೂಗಿನ ಮೇಲಿನ ಹೊಳಪಿಗೆ ಬಿಳಿ ಪೆನ್ಸಿಲ್. ಬಿಳಿ ಕಾಗದದಲ್ಲಿ ಅರ್ಧ ಗಂಟೆ ಹಿಡಿಯೋದು ಇದ್ರಲ್ಲಿ ಹತ್ತು ನಿಮಿಷಕ್ಕೆ ಬರುತ್ತೆ.

ಎಲ್ಲಿ ಕೂರ್ಬೇಕು

ಜಾಗ ಆರಿಸೋವಾಗ ಜನ ಎಷ್ಟು ಹೊತ್ತು ಕೂತಿರ್ತಾರೆ, ಬೆಳಕು ಯಾವ ಕಡೆಯಿಂದ ಬೀಳ್ತಿದೆ ಅನ್ನೋದು ನೋಡಿ, ಬೇರೆ ಏನೂ ಮುಖ್ಯ ಅಲ್ಲ. ದರ್ಶಿನಿಲಿ ಜನ ನಿಂತ್ಕೊಂಡೇ ತಿಂದು ಹೋಗ್ಬಿಡ್ತಾರೆ, ಅಲ್ಲಿ ಅರ್ಧ ನಿಮಿಷದ ಸ್ಕೆಚ್ ಬಿಟ್ರೆ ಬೇರೇನೂ ಆಗಲ್ಲ. ಲಾಲ್‌ಬಾಗ್, ಕಬ್ಬನ್ ಪಾರ್ಕ್ ಬೆಂಚುಗಳ ಮೇಲೆ ವಾಕಿಂಗ್ ಮುಗಿಸಿದ ಹಿರಿಯರು ಪೇಪರ್ ಹಿಡಿದು ಅರ್ಧ ಗಂಟೆ ಕೂತಿರ್ತಾರೆ. ಮೆಜೆಸ್ಟಿಕ್‌ನಲ್ಲಿ ದೂರದೂರಿನ ಬಸ್‌ಗೆ ಕಾಯ್ತಿರೋರು, ಲಗೇಜ್ ಮೇಲೆ ತಲೆ ಇಟ್ಟು ನಿದ್ದೆ ಮಾಡ್ತಿರೋರು. ಆಟೋ ಸ್ಟ್ಯಾಂಡು. ಮೈಸೂರಲ್ಲಿದ್ರೆ ದೇವರಾಜ ಮಾರ್ಕೆಟ್, ಊರಲ್ಲಿದ್ರೆ ಅರಳಿಕಟ್ಟೆ, ವಾರದ ಸಂತೆ. ಸೆಲೂನ್ ಅಂತೂ ಚಿನ್ನದಂಥ ಜಾಗ, ಕಟಿಂಗ್ ಮಾಡಿಸ್ಕೊಳ್ಳೋರು ಅಲ್ಲಾಡೋ ಹಾಗೇ ಇಲ್ಲ, ಕನ್ನಡೀಲಿ ಎದುರು ಮುಖಾನೂ ಕಾಣುತ್ತೆ. ಅಂಗಡಿಯವರನ್ನ ಕೇಳಿ ಕೂತ್ಕೊಳ್ಳಿ.

ಬೆಳಕಿನ ವಿಷ್ಯಕ್ಕೆ ಬಂದ್ರೆ ಬೆಳಗ್ಗೆ ಒಂಬತ್ತರ ಒಳಗೆ ಅಥವಾ ಸಂಜೆ ನಾಲ್ಕರ ಮೇಲೆ ಹೋಗಿ. ನಡು ಮಧ್ಯಾಹ್ನ ಬಿಸಿಲು ನೆತ್ತಿ ಮೇಲಿಂದ ಬಿದ್ದು ಕಣ್ಣಿನ ಗುಳಿ ಎರಡೂ ಕಪ್ಪಾಗಿ ಕಾಣುತ್ತೆ, ಎಲ್ಲರೂ ಸುಸ್ತಾದೋರ ಥರ ಬರ್ತಾರೆ. ಒಂದು ಪಕ್ಕದಿಂದ ಬೆಳಕು ಬಿದ್ದು ಇನ್ನೊಂದು ಪಕ್ಕ ನೆರಳಿದ್ರೆ ಮುಖದ ಆಕಾರ ತಾನಾಗೇ ಗೊತ್ತಾಗುತ್ತೆ. ನೀವು ಕೂರೋ ದೂರ ಆರೇಳು ಅಡಿ ಇರಲಿ.

ಕೇಳೋದು

ಎಲ್ಲರೂ ಹೆದರೋದು ಇಲ್ಲೇ. ಹೆಚ್ಚಿನವರು ಖುಷಿಯಿಂದ ಒಪ್ತಾರೆ, ಆದ್ರೆ ಅವ್ರ ಮನಸ್ಸಲ್ಲಿ ಒಂದು ಅನುಮಾನ ಇರುತ್ತೆ, ಕೊನೆಗೆ ದುಡ್ಡು ಕೇಳ್ತಾನೇನೋ ಅಂತ. ಅದನ್ನ ಮೊದಲೇ ಹೇಳಿಬಿಡಿ. "ಅಣ್ಣಾ, ಮುಖ ಬರೆಯೋದು ಕಲೀತಿದ್ದೀನಿ, ನಿಮ್ದೊಂದು ಬರ್ಕೊಳ್ಲಾ? ಹತ್ತು ನಿಮಿಷ, ದುಡ್ಡೇನಿಲ್ಲ, ನೀವು ನಿಮ್ಮ ಪಾಡಿಗೆ ಕೆಲಸ ಮಾಡ್ತಿರಿ" ಅಂದ್ರೆ ಸಾಕು. ಆ ಕೊನೇ ಮಾತು ಬಿಡಬೇಡಿ, ಇಲ್ಲಾಂದ್ರೆ ಫೋಟೋ ಸ್ಟುಡಿಯೋದಲ್ಲಿ ಕೂತ ಹಾಗೆ ಬೆನ್ನು ನೆಟ್ಟಗೆ ಮಾಡಿ ಉಸಿರು ಬಿಗಿ ಹಿಡಿದು ಕೂರ್ತಾರೆ, ಅವ್ರ ಮುಖ ಅವ್ರದ್ದಾಗೇ ಇರಲ್ಲ. ಹಾಗೆ ಆದ್ರೆ ಬೇಜಾರು ಮಾಡ್ಕೋಬೇಡಿ, ಸುಮ್ನೆ ಒಂದು ಸ್ಕೆಚ್ ಮಾಡಿ ತೋರ್ಸಿ, ಊರು ಯಾವ್ದು ಅಂತ ಮಾತಾಡ್ಸಿ. ಮಾತಾಡ್ತಾ ಮಾತಾಡ್ತಾ ಅವ್ರು ಮಾಮೂಲಿಗೆ ಬರ್ತಾರೆ, ಆಗ ಎರಡನೇದು ಶುರು ಮಾಡಿ, ಅದೇ ನಿಜವಾದ ಚಿತ್ರ.

ವ್ಯಾಪಾರದವರಾದ್ರೆ ಮೊದಲು ಏನಾದ್ರೂ ಕೊಂಡ್ಕೊಳ್ಳಿ, ಗಿರಾಕಿ ಬರೋ ದಾರಿಗೆ ಅಡ್ಡ ಕೂರಬೇಡಿ. ಮಕ್ಕಳನ್ನ ಬರೆಯೋ ಮುಂಚೆ ಅಪ್ಪ ಅಮ್ಮನ್ನ ಕೇಳ್ಲೇಬೇಕು. ಬೇಡ ಅಂದ್ರೆ ಬೇಡ, "ಸರಿ ಅಮ್ಮ" ಅಂತ ಹೇಳಿ ಬೇರೆ ಕಡೆ ತಿರುಗಿ ಕೂತ್ಕೊಳ್ಳಿ, ಅದು ಬಿಟ್ಟು ಕದ್ದು ಕದ್ದು ಬರೀಬೇಡಿ. ದೂರದಿಂದ ಬರೆಯೋ ಅರ್ಧ ನಿಮಿಷದ ಸ್ಕೆಚ್‌ಗೆ ಪ್ರತಿಯೊಬ್ಬರನ್ನೂ ಕೇಳೋದು ಆಗದ ಮಾತು, ಆದ್ರೆ ಅವ್ರಿಗೆ ಮುಜುಗರ ಆಗ್ತಿದೆ ಅಂತ ಒಂದು ಚೂರು ಕಂಡ್ರೂ ಪೆನ್ಸಿಲ್ ಕೆಳಗಿಡಿ. ಚಿತ್ರಾನ ಆನ್‌ಲೈನ್ ಹಾಕೋದಾದ್ರೆ ಅದಕ್ಕೆ ಬೇರೆಯಾಗೇ ಕೇಳಿ. ಒಬ್ಬರೇ ಹೋಗೋಕೆ ಹಿಂಜರಿಕೆ ಇದ್ರೆ ಇಬ್ಬರು ಮೂವರು ಸೇರಿ ಹೋಗಿ, ಹೆಣ್ಣುಮಕ್ಕಳಿಗೆ ಇದು ಇನ್ನೂ ಅನುಕೂಲ. ಅರ್ಬನ್ ಸ್ಕೆಚರ್ಸ್ ಅಂತ ಸ್ಕೆಚ್ ಮಾಡೋರ ಗುಂಪೊಂದಿದೆ, 2007ರಲ್ಲಿ ಸಿಯಾಟಲ್‌ನಲ್ಲಿ ಗೇಬ್ರಿಯಲ್ ಕಂಪನಾರಿಯೋ ಅನ್ನೋ ಪತ್ರಿಕಾ ಚಿತ್ರಕಾರರು ಶುರು ಮಾಡಿದ್ದು ಈಗ ದೇಶದೇಶಕ್ಕೂ ಹರಡಿದೆ, ಅವ್ರ ಮುಖ್ಯ ನಿಯಮ ಒಂದೇ, ಏನೇ ಬರೆದ್ರೂ ಅಲ್ಲೇ ಕೂತು ನೋಡಿ ಬರೀಬೇಕು. ಅಂಥ ಗುಂಪು ನಿಮ್ಮೂರಲ್ಲಿದ್ರೆ ಸೇರ್ಕೊಳ್ಳಿ.

ಮೊದಲ ವಾರ: ಬೆನ್ನ ಹಿಂದಿಂದ

ಮುಖ ಬಿಟ್ಟು ತಲೆಯ ಹಿಂಭಾಗದಿಂದ ಶುರು ಮಾಡಿ. ಬಸ್ಸಲ್ಲಿ ನಿಮ್ಮ ಮುಂದಿನ ಸೀಟಲ್ಲಿ ಕೂತವ್ರ ಕಿವಿ, ದವಡೆ ತುದಿ, ಕತ್ತು, ಜಡೆ, ಮುಡಿದ ಮಲ್ಲಿಗೆ ಇಷ್ಟೇ ಕಾಣೋದು. ಅವ್ರು ನಿಮ್ಮನ್ನ ನೋಡಲ್ಲ, ನಿಮಗೂ ಅಳುಕಿರಲ್ಲ. ಕತ್ತು ನೇರವಾದ ಕಂಬ ಅಲ್ಲ, ಮುಂದಕ್ಕೆ ವಾಲಿರುತ್ತೆ, ಕಿವಿಯೂ ಸ್ವಲ್ಪ ಹಿಂದಕ್ಕೆ ಓರೆಯಾಗಿರುತ್ತೆ ಅನ್ನೋದು ಇಲ್ಲೇ ಕಣ್ಣಿಗೆ ಬೀಳೋದು. ಬಸ್ ಕುಲುಕೋವಾಗ ಬರೀಬೇಡಿ, ಬರೀ ನೋಡಿ, ಸಿಗ್ನಲ್‌ನಲ್ಲಿ ನಿಂತಾಗ ಬರೀರಿ. ಬೆಂಗಳೂರು ಟ್ರಾಫಿಕ್‌ನಲ್ಲಿ ಅದಕ್ಕೆ ಬೇಕಾದಷ್ಟು ಟೈಮ್ ಸಿಗುತ್ತೆ.

ಎರಡನೇ ವಾರ: ಅರ್ಧ ನಿಮಿಷದ ಗೆರೆಗಳು

ಫೋನಲ್ಲಿ ಟೈಮರ್ ವೈಬ್ರೇಟ್‌ಗೆ ಇಟ್ಟು ಅರ್ಧ ನಿಮಿಷದವು ಹತ್ತು, ಆಮೇಲೆ ಎರಡು ನಿಮಿಷದವು ಐದು. ಅರ್ಧ ನಿಮಿಷದಲ್ಲಿ ಕಣ್ಣು ಮೂಗು ಬರೆಯೋಕಾಗಲ್ಲ, ಬರೀಲೂಬಾರ್ದು. ತಲೆ ಎತ್ತ ವಾಲಿದೆ ಅನ್ನೋದಕ್ಕೆ ಒಂದು ಗೆರೆ, ಭುಜ ಎತ್ತ ಇಳಿದಿದೆ ಅನ್ನೋದಕ್ಕೆ ಇನ್ನೊಂದು, ಆಮೇಲೆ ತಲೆಯ ಮೊಟ್ಟೆಯಾಕಾರ. ನಮ್ಮ ಮನೆಯವರು ದೂರದಿಂದ ಬರ್ತಿದ್ರೆ ಮುಖ ಕಾಣೋ ಮುಂಚೇನೇ ಗುರುತು ಹಿಡೀತೀವಲ್ಲ, ಹೇಗೆ? ತಲೆ ಹೊತ್ತಿರೋ ರೀತಿ, ಭುಜ, ನಡಿಗೆ. ಹೋಲಿಕೆಯ ಬಹುಪಾಲು ಅಲ್ಲೇ ಇದೆ. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಚಿತ್ರಕಲಾವಿದ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳನ್ನ ಒಂದು ಸಲ ನೋಡಿ, ಕುಣಿಯೋರ ಇಡೀ ಮೈ ಕೆಲವೇ ಗೆರೆಗಳಲ್ಲಿ ಬಂದಿರುತ್ತೆ, ಎಲ್ಲೂ ಗೆರೆ ತಡವರಿಸಿಲ್ಲ. ಅಷ್ಟು ಸಲೀಸು ನಮಗೆ ಬರೋಕೆ ವರ್ಷಗಳೇ ಬೇಕು ಆದ್ರೆ ದಾರಿ ಇದೇ.

ಮೂರನೇ ವಾರದಿಂದ: ಹತ್ತು ನಿಮಿಷದ ಮುಖ

ಈಗ ಕ್ರಮವಾಗಿ ಮುಖ ಕಟ್ಟೋದು. ಇಲ್ಲಿ ನಿಧಾನವಾಗಿ ಓದಿ.

ಮೊದಲು ತಲೆಯ ಎತ್ತರ ಎಷ್ಟು, ಅಗಲ ಎಷ್ಟು ಅಂತ ಅಳೀರಿ. ಕೈ ಪೂರ್ತಿ ಚಾಚಿ, ಮೊಣಕೈ ಮಡಚದೆ, ಒಂದು ಕಣ್ಣು ಮುಚ್ಚಿ ಪೆನ್ಸಿಲ್ ತುದೀನ ನೆತ್ತಿಗೆ ಹಿಡಿದು ಗದ್ದ ಬರೋ ಕಡೆ ಹೆಬ್ಬೆರಳು ಇಡಿ. ಅದೇ ಅಳತೇನ ಅಡ್ಡ ತಿರುಗಿಸಿ ಅಗಲದ ಜೊತೆ ಹೋಲಿಸಿ. ಮೊಣಕೈ ಸ್ವಲ್ಪ ಮಡಚಿದ್ರೂ ಅಳತೆ ಕೆಡುತ್ತೆ. ಕಾಗದದ ಮೇಲೆ ನೆತ್ತಿಗೊಂದು ಗುರುತು, ಗದ್ದಕ್ಕೊಂದು ಗುರುತು ಹಾಕಿ, ಇಡೀ ತಲೆ ಇದರೊಳಗೇ ಬರ್ಬೇಕು.

ಎರಡನೇದು, ದೊಡ್ಡ ಆಕಾರ. ಬುರುಡೆಗೆ ಒಂದು ಚೆಂಡು, ಅದಕ್ಕೆ ದವಡೆ ಸೇರಿಸಿ. ಪಕ್ಕದಿಂದ ನೋಡಿದ್ರೆ ತಲೆ ಎಷ್ಟು ಎತ್ತರ ಇದೆಯೋ ಹೆಚ್ಚುಕಡಿಮೆ ಅಷ್ಟೇ ಹಿಂದಕ್ಕೂ ಇದೆ, ಕಿವಿ ಬರೋದು ನಡುಮಧ್ಯದಿಂದ ಸ್ವಲ್ಪ ಹಿಂದೆ. ಹೊಸಬರು ಹತ್ತಕ್ಕೆ ಒಂಬತ್ತು ಸಲ ತಲೆ ಹಿಂಭಾಗಾನ ಕತ್ತರಿಸಿಬಿಡ್ತಾರೆ, ಯಾಕಂದ್ರೆ ಗಮನವೆಲ್ಲ ಕಣ್ಣು ಮೂಗಿನ ಮೇಲೇ ಇರುತ್ತೆ.

ಮೂರನೇದು, ಮುಖದ ನಡುಗೆರೆ ಮತ್ತೆ ಹುಬ್ಬಿನ ಗೆರೆ. ತಲೆ ತಿರುಗಿದ ಕಡೆಗೆ ನಡುಗೆರೆಯೂ ಬಾಗುತ್ತೆ. ಇನ್ನು ಪ್ರಮಾಣ: ತಲೆ ನೆಟ್ಟಗಿದ್ದಾಗ ಕಣ್ಣು ಬರೋದು ನೆತ್ತಿ ಗದ್ದದ ಸರಿ ಅರ್ಧಕ್ಕೆ. ನಂಬೋಕೆ ಕಷ್ಟ ಆದ್ರೆ ಕನ್ನಡಿ ಮುಂದೆ ಸ್ಕೇಲ್ ಹಿಡಿದು ನೋಡ್ಕೊಳ್ಳಿ. ಕೂದಲು ಶುರುವಾಗೋ ಕಡೆಯಿಂದ ಹುಬ್ಬು, ಹುಬ್ಬಿಂದ ಮೂಗಿನ ಬುಡ, ಅಲ್ಲಿಂದ ಗದ್ದ, ಈ ಮೂರೂ ಸುಮಾರು ಸಮ. ಎರಡು ಕಣ್ಣಿನ ನಡುವೆ ಒಂದು ಕಣ್ಣಿನಷ್ಟು ಜಾಗ. ಕಿವಿ ಹುಬ್ಬಿಂದ ಮೂಗಿನ ಬುಡದವರೆಗೆ. ಮಕ್ಕಳಿಗೆ ಮಾತ್ರ ಕಣ್ಣು ಅರ್ಧಕ್ಕಿಂತ ಕೆಳಗಿರುತ್ತೆ, ಹಣೆ ದೊಡ್ಡದು.

ಆದ್ರೆ ಈ ಅಳತೆ ಉರು ಹೊಡೆದು ಎಲ್ಲರಿಗೂ ಅದೇ ಹಾಕಿದ್ರೆ ಎಲ್ಲರೂ ಒಂದೇ ತಾಯಿ ಮಕ್ಕಳ ಥರ ಬರ್ತಾರೆ. ಇವರದು ಇದಕ್ಕಿಂತ ಎಲ್ಲಿ ಬೇರೆ ಅಂತ ಹುಡುಕೋಕೆ ಈ ಅಳತೆ ಇರೋದು. ಮೂಗಿಗೂ ಮೇಲ್ತುಟಿಗೂ ನಡುವೆ ಜಾಸ್ತಿ ಜಾಗ ಇದೆಯಾ? ಹುಬ್ಬು ಕಣ್ಣಿಗೆ ಒತ್ತಿಕೊಂಡಿದೆಯಾ? ಹಲ್ಲು ಬಿದ್ದ ಅಜ್ಜಿಯಾದ್ರೆ ಗದ್ದ ಮೂಗಿನ ಹತ್ತಿರ ಬಂದಿರುತ್ತೆ, ಅಲ್ಲಿ ಮೂರರಲ್ಲಿ ಒಂದು ಪಾಲು ಅನ್ನೋ ಲೆಕ್ಕ ನಡೆಯಲ್ಲ.

ನಾಲ್ಕನೇದು ನೆರಳು. ಕಣ್ಣು ಕಿರಿದು ಮಾಡಿ ನೋಡಿ, ರೆಪ್ಪೆ ಹುಬ್ಬು ಎಲ್ಲ ಮಾಯವಾಗಿ ಕಪ್ಪು ಬಿಳುಪಿನ ನಾಲ್ಕೈದು ದೊಡ್ಡ ಪಟ್ಟೆ ಮಾತ್ರ ಉಳಿಯುತ್ತೆ. ಕಣ್ಣಿನ ಗುಳಿ, ಮೂಗಿನ ಪಕ್ಕ, ಕೆನ್ನೆ, ಗದ್ದದ ಕೆಳಗೆ, ಇವೆಲ್ಲ ಸೇರಿ ಒಂದೇ ನೆರಳಾಗಿ ಹರಿದಿರುತ್ತೆ. ಅದನ್ನ ಒಂದೇ ತುಂಡಾಗಿ 4ಬಿಯಲ್ಲಿ ತುಂಬಿ. ಕಪ್ಪು ಮೈಬಣ್ಣದವರನ್ನ ಬರೆಯೋವಾಗ ಇಡೀ ಮುಖಕ್ಕೆ ಪೆನ್ಸಿಲ್ ಉಜ್ಜೋದು ದೊಡ್ಡ ತಪ್ಪು, ಮಸಿ ಬಳಿದ ಹಾಗಾಗಿ ಆಕಾರ ಸತ್ತೋಗುತ್ತೆ. ಕಪ್ಪು ಚರ್ಮದ ಮೇಲೆ ಹೊಳಪು ಜೋರಾಗಿ ಕಾಣುತ್ತೆ, ಹಣೆ, ಕೆನ್ನೆಮೂಳೆ, ಮೂಗಿನ ತುದಿ, ಕೆಳತುಟಿ. ಆ ಹೊಳಪನ್ನ ಕಾಗದವಾಗೇ ಬಿಟ್ಟು ನೆರಳನ್ನ ಗಟ್ಟಿಯಾಗಿ ಹಾಕಿ. ಬ್ರೌನ್ ಶೀಟ್ ಉಪಯೋಗಕ್ಕೆ ಬರೋದು ಇಲ್ಲೇ.

ಕಣ್ಣು ಮೂಗು ಬಾಯಿ ಕೊನೆಗೆ, ಉಳಿದ ಮೂರು ನಿಮಿಷದಲ್ಲಿ. ಕಣ್ಣು ಅಂದ್ರೆ ಮೇಲ್ರೆಪ್ಪೆಯ ಕಪ್ಪು ಗೆರೆ ಮತ್ತೆ ಕಪ್ಪುಗುಡ್ಡೆ, ಕೆಳರೆಪ್ಪೆ ಮುಟ್ಟದೇ ಇದ್ರೂ ನಡೆಯುತ್ತೆ. ಬಾಯಿಗೆ ತುಟಿಯ ಅಂಚು ಬರೀಬೇಡಿ, ಎರಡು ತುಟಿ ಸೇರೋ ಗೆರೆ ಬರೆದು ಕೆಳತುಟಿ ಅಡಿಯಲ್ಲಿ ಚೂರು ನೆರಳು ಕೊಡಿ. ಹಲ್ಲು ಒಂದೊಂದಾಗಿ ಎಣಿಸಿ ಬರೆಯೋದಂತೂ ಬೇಡ್ವೇ ಬೇಡ.

ಎಲ್ಲರೂ ಫೋನ್ ನೋಡ್ತಿದ್ರೆ

ಈಗ ಪಾರ್ಕಲ್ಲಾಗ್ಲಿ ಬಸ್‌ಸ್ಟ್ಯಾಂಡಲ್ಲಾಗ್ಲಿ ಅರ್ಧಕ್ಕರ್ಧ ಜನ ತಲೆ ಬಗ್ಗಿಸಿ ಫೋನ್ ನೋಡ್ತಿರ್ತಾರೆ, ಹಾಗಾಗಿ ಬಗ್ಗಿದ ತಲೇನ ಬರೆಯೋದು ಬೇರೆಯಾಗೇ ಕಲೀಬೇಕು. ತಲೆ ಬಗ್ಗಿದಾಗ ನೆತ್ತಿ ಜಾಸ್ತಿ ಕಾಣುತ್ತೆ, ಕಣ್ಣು ಮೂಗು ಬಾಯಿ ಎಲ್ಲ ಕೆಳಗಡೆ ಒತ್ತಾಗಿ ಸೇರ್ಕೊಳ್ಳುತ್ತೆ, ಮೂಗಿನ ತುದಿ ಕೆಲವು ಸಲ ಮೇಲ್ತುಟೀನ ಮುಚ್ಚುತ್ತೆ, ಕಣ್ಣಿನ ಬದಲು ರೆಪ್ಪೆಯ ದುಂಡಗಿನ ಭಾಗ ಕಾಣುತ್ತೆ. ಕಿವಿ ಕಣ್ಣಿಗಿಂತ ಮೇಲಕ್ಕೆ ಹೋದ ಹಾಗೆ ಕಾಣುತ್ತೆ. ತಲೆ ಮೇಲೆತ್ತಿದ್ರೆ ಎಲ್ಲ ಉಲ್ಟಾ, ಕಿವಿ ಕೆಳಗಿಳಿಯುತ್ತೆ. ಕಿವಿ ಎಲ್ಲಿದೆ ಅನ್ನೋದೊಂದನ್ನ ಸರಿಯಾಗಿ ಹಾಕಿದ್ರೆ ತಲೆ ಬಗ್ಗಿದೆಯೋ ಎತ್ತಿದೆಯೋ ಅನ್ನೋದು ನೋಡಿದವರಿಗೆ ತಕ್ಷಣ ಗೊತ್ತಾಗುತ್ತೆ. ಸಂಜೆಯಾದ್ರೆ ಫೋನಿನ ಬೆಳಕು ಕೆಳಗಿಂದ ಗದ್ದ, ಮೂಗಿನ ಅಡಿಗೆ ಬೀಳುತ್ತೆ, ಹಗಲಲ್ಲಿ ಕಪ್ಪಿರೋ ಜಾಗಾನೇ ಆಗ ಬೆಳಗಿರುತ್ತೆ, ಅದನ್ನೂ ಒಂದು ದಿನ ಅಭ್ಯಾಸ ಮಾಡಿ.

ಅಲ್ಲಾಡಿದ್ರೆ ಏನು ಮಾಡೋದು

ಗಾಂಧಿ ಬಜಾರಲ್ಲಿ ಹೂ ಕಟ್ಟೋ ಒಬ್ಬ ಅಮ್ಮನ ಹತ್ರ ನಾನು ಇದನ್ನ ಕಲಿತಿದ್ದು. ಬುಟ್ಟಿ ಮುಂದೆ ಕೂತು ಎಡಗೈ ಬೆರಳ ಮಧ್ಯೆ ದಾರ ಹಿಡಿದು ಮಲ್ಲಿಗೆ ಮೊಗ್ಗು ಎರಡು ಈ ಕಡೆ ಎರಡು ಆ ಕಡೆ ಇಟ್ಟು ಸುತ್ತಿ ಎಳೀತಿದ್ರು, ತಲೆ ಬಲಕ್ಕೆ ಸ್ವಲ್ಪ ವಾಲಿ ಬಗ್ಗಿತ್ತು. ನಾನು ಹುಬ್ಬಿಗೆ ಬರೋಷ್ಟರಲ್ಲಿ ಗಿರಾಕಿ ಬಂದ್ರು, ತಲೆ ಎತ್ತಿದ್ರು, ಮೊಣಕೈಗೆ ಹಿಡಿದು ಎರಡು ಮೊಳ ಅಳೆದು ಕತ್ತರಿಸಿ ಎಲೇಲಿ ಸುತ್ತಿ ಕೊಟ್ರು, ಚಿಲ್ಲರೆ ಹುಡುಕೋಕೆ ಬಲಕ್ಕೆ ತಿರುಗಿದ್ರು. ನನ್ನ ಚಿತ್ರ ಕೆಟ್ಟೋಯ್ತು ಅಂದ್ಕೊಂಡು ಪುಟ ತಿರುಗಿಸ್ಬಿಟ್ಟೆ. ನೋಡಿದ್ರೆ ಒಂದು ನಿಮಿಷದಲ್ಲಿ ಅದೇ ಭಂಗಿ, ತಲೆ ಅಷ್ಟೇ ಬಲಕ್ಕೆ ವಾಲಿ, ಕೈ ಅದೇ ಎತ್ತರದಲ್ಲಿ. ಮತ್ತೆ ಗಿರಾಕಿ, ಮತ್ತೆ ತಲೆ ಮೇಲೆ, ಮತ್ತೆ ಬಲಕ್ಕೆ ಚಿಲ್ಲರೆ. ಮೂರೇ ಮೂರು ಭಂಗಿ ಸುತ್ತಿ ಸುತ್ತಿ ಬರ್ತಿತ್ತು.

ಅವತ್ತಿಂದ ನಾನು ಒಂದೇ ಪುಟದಲ್ಲಿ ಮೂರು ತಲೆ ಒಟ್ಟಿಗೆ ಶುರು ಮಾಡ್ತೀನಿ. ಬಗ್ಗಿದಾಗ ಮೊದಲನೇದು, ತಲೆ ಎತ್ತಿದಾಗ ಎರಡನೇದು, ತಿರುಗಿದಾಗ ಮೂರನೇದು, ಅವ್ರು ವಾಪಸ್ ಬಂದ ಹಾಗೆ ನಾನೂ ಆ ತಲೆಗೆ ವಾಪಸ್ ಹೋಗ್ತೀನಿ. ನೀವೂ ಬರೆಯೋ ಮುಂಚೆ ಐದು ನಿಮಿಷ ಬರೀ ನೋಡಿ, ಈ ಮನುಷ್ಯ ಎಷ್ಟು ಭಂಗಿಗಳ ಮಧ್ಯೆ ಓಡಾಡ್ತಾನೆ ಅಂತ. ಪೇಪರ್ ಓದೋರು ಪುಟ ತಿರುಗಿಸಿ ವಾಪಸ್ ಬರ್ತಾರೆ, ಟೈಲರ್ ದಾರ ಕಡಿದು ವಾಪಸ್ ಬರ್ತಾರೆ, ತೂಕಡಿಸೋರು ಬೆಚ್ಚಿ ಎದ್ದು ಮತ್ತೆ ಅದೇ ಭುಜಕ್ಕೆ ವಾಲ್ತಾರೆ.

ಆ ಅಮ್ಮ ಕೊನೆಗೆ ಚಿತ್ರ ನೋಡಿ, "ಮೂಗುತಿ ಎಲ್ಲಪ್ಪಾ? ನಮ್ಮಮ್ಮ ಹಾಕಿದ್ದು ಅದು" ಅಂದ್ರು. ನಾನು ನೋಡಿರಲೇ ಇಲ್ಲ. ಎಡಗಡೆ ಒಂದು ಸಣ್ಣ ಕಲ್ಲಿನ ಮೂಗುತಿ, ಹಾಕಿದ ತಕ್ಷಣ ಚಿತ್ರದಲ್ಲಿದ್ದ ಯಾರೋ ಹೆಂಗಸು ಅವರೇ ಆಗ್ಬಿಟ್ರು. ಹಾಗಾಗಿ ಪ್ರತಿ ಮುಖದಲ್ಲೂ ಅವ್ರದ್ದೇ ಆದ ಒಂದನ್ನ ಹುಡುಕಿ, ವಿಭೂತಿ ಹಚ್ಚಿದ ರೀತಿ, ಕನ್ನಡಕ ಮೂಗಿನ ಎಲ್ಲಿಗೆ ಜಾರಿದೆ ಅನ್ನೋದು, ಮೀಸೆ ತುದಿ, ಕಿವಿಗೆ ಸಿಕ್ಕಿಸಿದ ಪೆನ್ಸಿಲ್. ಅದೊಂದನ್ನ ಮಾತ್ರ ಸ್ಪಷ್ಟವಾಗಿ ಬರೆದು ಉಳಿದಿದ್ದನ್ನ ಸಡಿಲ ಬಿಡಿ. ಚಿತ್ರ ಅವ್ರಿಗೆ ಕೊಡೋದಾದ್ರೆ ಫೋಟೋ ತೆಗೆದಿಟ್ಕೊಂಡು ಕೊಡಿ.

ಸುತ್ತ ಜನ ಸೇರಿದ್ರೆ

ಸೇರೇ ಸೇರ್ತಾರೆ. ಗೋಡೆಗೆ ಇಲ್ಲಾ ಮರಕ್ಕೆ ಬೆನ್ನು ಕೊಟ್ಟು ಕೂತ್ರೆ ಹಿಂದಿನಿಂದ ಇಣುಕೋರು ಕಮ್ಮಿ. "ನಂದೂ ಬರೀರಿ ಸಾರ್" ಅಂತ ಹುಡುಗ್ರು ಬಂದ್ರೆ ಎರಡು ನಿಮಿಷದ್ದು ಬರೆದುಕೊಡಿ, ನಿಮಗೂ ಅಭ್ಯಾಸ. ಇದಕ್ಕೆ ತಯಾರಾಗೋಕೆ ಬೆಂಗಳೂರಿನ ಚಿತ್ರಸಂತೆಗಿಂತ ಒಳ್ಳೆ ಜಾಗ ಇಲ್ಲ. ಚಿತ್ರಕಲಾ ಪರಿಷತ್ತು 2003ರಿಂದ ಕುಮಾರಕೃಪಾ ರಸ್ತೆಯಲ್ಲಿ ನಡೆಸ್ಕೊಂಡು ಬಂದಿರೋ ಸಂತೆ, ಸಾಮಾನ್ಯವಾಗಿ ಜನವರಿಯ ಒಂದು ಭಾನುವಾರ, ರಸ್ತೆ ತುಂಬ ಜನ, ಅದ್ರ ಮಧ್ಯೆ ಸ್ಟೂಲ್ ಹಾಕ್ಕೊಂಡು ಎದುರು ಕೂತವ್ರ ಮುಖ ಬರೆದುಕೊಡೋ ಕಲಾವಿದರು ಸಾಲಾಗಿ ಇರ್ತಾರೆ. ಅವ್ರಲ್ಲಿ ಒಬ್ಬರ ಹಿಂದೆ ಶುರುವಿಂದ ಕೊನೆವರೆಗೂ ನಿಂತು ನೋಡಿ. ಕಾಗದ ಬಿಡಿ, ಅವ್ರ ತಲೇನ ಗಮನಿಸಿ, ಎಷ್ಟು ಸಲ ಮೇಲೆತ್ತಿ ನೋಡ್ತಾರೆ ಅಂತ. ನಾನು ನೋಡಿದ ಒಬ್ಬರು ಪ್ರತಿ ಎರಡು ಮೂರು ಗೆರೆಗೊಮ್ಮೆ ಎದುರಿನ ಮುಖ ನೋಡ್ತಿದ್ರು. ನಾವು ಒಂದು ಸಲ ನೋಡಿ ಇಪ್ಪತ್ತು ಗೆರೆ ಎಳೀತೀವಿ, ಆ ಇಪ್ಪತ್ತೂ ನಮ್ಮ ಊಹೆಯವೇ.

ಮನೆಗೆ ಬಂದ ಮೇಲೆ

ಚಿತ್ರಾನ ತಿದ್ದಬೇಡಿ. ಮೂಲೇಲಿ ತಾರೀಖು, ಜಾಗ, ಎಷ್ಟು ನಿಮಿಷ ಅಂತ ಬರೆದು ಆರಡಿ ದೂರ ಇಟ್ಟು ನೋಡಿ, ಆಮೇಲೆ ಕನ್ನಡೀಲಿ ಹಿಡಿದು ನೋಡಿ. ಕನ್ನಡೀಲಿ ಓರೆ ಕಣ್ಣು, ಜಾರಿದ ಬಾಯಿ ಎಲ್ಲ ಎದ್ದು ಕಾಣುತ್ತೆ. ಕಂಡ ತಪ್ಪನ್ನ ಪುಟದ ಹಿಂದೆ ಒಂದೇ ಸಾಲಲ್ಲಿ ಬರೀರಿ, "ಹಣೆ ಚಿಕ್ಕದು", "ಕಿವಿ ಮುಂದೆ ಬಂದಿದೆ" ಅಂತ. ಆಮೇಲೆ ಖಾಲಿ ಕಾಗದ ತಗೊಂಡು ಬೆಳಗ್ಗೆ ನೋಡಿದ ಮುಖಗಳಲ್ಲಿ ಒಂದನ್ನ ಸ್ಕೆಚ್‌ಬುಕ್ ಮುಚ್ಚಿಟ್ಟು ನೆನಪಿಂದ ಬರೀರಿ, ಎಲ್ಲಿ ನೆನಪು ಕೈ ಕೊಡುತ್ತೋ ಅಲ್ಲಿ ನೀವು ಸರಿಯಾಗಿ ನೋಡಿಲ್ಲ ಅಂತ ಅರ್ಥ. ನಾಲ್ಕು ವಾರ ಆದ್ಮೇಲೆ ಹಿಂದಿನ ಪುಟದ ಸಾಲುಗಳನ್ನೆಲ್ಲ ಒಟ್ಟಿಗೆ ಓದಿದ್ರೆ ಒಂದೇ ತಪ್ಪು ಪದೇ ಪದೇ ಬಂದಿರೋದು ಕಾಣುತ್ತೆ, ನನ್ನ ಬುಕ್ಕಲ್ಲಿ ಅದು "ತಲೆ ಹಿಂಭಾಗ ಸಾಲದು" ಅನ್ನೋದು. ಮುಂದಿನ ಭಾನುವಾರ ಹೊರಡೋ ಮುಂಚೆ ಆ ಒಂದು ಸಾಲನ್ನ ಹೊಸ ಪುಟದ ಮೂಲೇಲಿ ಬರ್ಕೊಂಡು ಹೋಗಿ.